ಹಟ್ಟಿಯ ಮೆಟ್ಟಿಲಾದ ಕಲ್ಲು

ನಮ್ಮೂರು ವಂಡ್ಸೆಯಲ್ಲಿ ಒಣಕಸಕ್ಕೂ ಲೆಕ್ಕವಿದೆ. ಮನೆಮನೆಯ ಕಸವನ್ನು ಘಟಕಕ್ಕೆ ತಂದು, ಬಾಟಲಿ ಬೇರೆ, ರಟ್ಟು ಬೇರೆ ಮಾಡಿ ಮಾರುವ ಪಂಚಾಯತ್ ಎಂದು ನಮ್ಮೂರಿಗೆ ಹೆಸರು ಬಂದಿದೆ. ಸಂತೋಷ. ಈಗ ಇದೇ ಸೀಮೆಯ ಹಾಡಿ, ಗೇರುತೋಟಗಳಲ್ಲಿ ಎಷ್ಟು ಪಾಳು ಬಸದಿಗಳಿವೆ, ಎಷ್ಟು ಶಾಸನಗಳಿವೆ ಎಂದು ಯಾರನ್ನಾದರೂ ಕೇಳಿ. "ಅದ್ ಜೈನ್ರದ್ ಅಲ್ದಾ, ನಮ್ಗ್ ಎಂತಕೆ?"

ಎಂತಕೆ ಎಂದು ಹೇಳುತ್ತೇನೆ. ಪ್ರಾರ್ಥಿಸುವವರು ಇಲ್ಲವಾದ ಮಂದಿರಗಳಿಗೆ ಬೇರೆಡೆ ಏನಾಯಿತು ಎಂದು ಮೊದಲು ನೋಡಿ.

ಯುರೋಪಿನಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರಗಳು, ಅಂದರೆ ಸಿನಗಾಗ್‌ಗಳು, ಎರಡನೆಯ ಮಹಾಯುದ್ಧಕ್ಕೆ ಮೊದಲು ಸುಮಾರು 17,000 ಇದ್ದವು. ಉಳಿದ ಹಳೆಯ ಕಟ್ಟಡಗಳನ್ನು ಈಚೆಗೆ ಎಣಿಸಿದಾಗ ಸಿಕ್ಕಿದ್ದು 3,318. ಪ್ರಾರ್ಥನೆ ನಡೆಯುತ್ತಿದ್ದದ್ದು 718ರಲ್ಲಿ. ಪೋಲೆಂಡಿನ ಪೊಜ್ನಾನ್‌ನಲ್ಲಿ 1907ರಲ್ಲಿ ಕಟ್ಟಿದ ಮಂದಿರವನ್ನು ನಾಜಿಗಳು ಈಜುಕೊಳ ಮಾಡಿದರು. ನಾಜಿಗಳು ಹೋದರು, ಕೊಳ ಹೋಗಲಿಲ್ಲ. 2011ರವರೆಗೂ ಊರ ಮಕ್ಕಳು ಅಲ್ಲೇ ಈಜು ಕಲಿತರು. ಸ್ಲೊವಾಕಿಯಾದಲ್ಲೊಂದು ಮಂದಿರ ಈಗ ಕಾಫಿ ಅಂಗಡಿ.

ಅಲ್ಲಿ ಪ್ರಾರ್ಥಿಸುವವರನ್ನೇ ಕೊಂದುಹಾಕಿದ್ದರು. ಅದರ ಜೊತೆ ನಮ್ಮದನ್ನು ತೂಗಲಾಗದು. ಇಲ್ಲಿ ಬಸ್ರೂರು, ಬಾರ್ಕೂರಿನ ವ್ಯಾಪಾರ ಬತ್ತಿತು, ಅರಸೊತ್ತಿಗೆಗಳು ಅಳಿದವು, ಬಸದಿಗೆ ಬರುವವರು ಕಡಿಮೆಯಾದರು. ಉಳಿದದ್ದನ್ನು ಕೆಡವಲು ಯಾವ ನಾಜಿಯೂ ಬೇಕಾಗಲಿಲ್ಲ. ನಾವೇ ಸಾಕಾದೆವು.

ಬಾರ್ಕೂರು ಒಂದು ಕಾಲಕ್ಕೆ ಆಳುಪ ಅರಸರ ರಾಜಧಾನಿ. ವಿಜಯನಗರದ ಕಾಲಕ್ಕೂ ಒಂದು ಪ್ರಾಂತ್ಯದ ಕೇಂದ್ರ. ಅಲ್ಲಿನ ಕತ್ತಲೆ ಬಸದಿಯ ಕಂಬಗಳು ಈಗಲೂ ನಿಂತಿವೆ, ತೀರ್ಥಂಕರರಿಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಗೆ, ಅಂಥ ಹೆಸರಾಂತ ಬಸದಿಗೇ, 2013ರಲ್ಲಿ ಕಳ್ಳರು ನುಗ್ಗಿ ಮೂರ್ತಿಗಳನ್ನು ಹೊತ್ತೊಯ್ದರು. ದೀಪ ಹಚ್ಚುವವರೇ ಇಲ್ಲದ ಹಾಡಿಯೊಳಗಿನ ಗುಡಿಯನ್ನು ಕಾಯುವವರು ಯಾರು? ನಿಧಿಯ ಆಸೆಗೆ ಗರ್ಭಗುಡಿಯ ನೆಲ ಅಗೆದು ಹೋಗುತ್ತಾರೆ; ಬೆಳಿಗ್ಗೆ ನಾವು ಹೊಂಡ ನೋಡಿ ಬರುತ್ತೇವೆ.

ಪೂಜೆ ನಡೆಯುವ ಹಳೆಯ ಗುಡಿಗಳ ಪಾಡಾದರೂ ಚೆಂದವೇ? ಅವಕ್ಕೆ ಜೀರ್ಣೋದ್ಧಾರ ಎಂಬ ಇನ್ನೊಂದು ಗಂಡಾಂತರ. ಸಮಿತಿ ಹುಟ್ಟುತ್ತದೆ, ಜ್ಯೋತಿಷಿಯ ಪ್ರಶ್ನೆಯಲ್ಲಿ ದೋಷ ಕಂಡುಬರುತ್ತದೆ, ಜೆಸಿಬಿ ಬರುತ್ತದೆ. ಮುರಕಲ್ಲಿನ ಗೋಡೆ, ಕೆತ್ತನೆಯ ಮರದ ಮುಚ್ಚಿಗೆ ಒಂದೇ ಮಧ್ಯಾಹ್ನಕ್ಕೆ ರಾಶಿ. ಹಳೆಯ ದಾನಿಗಳ ಹೆಸರಿದ್ದ ಶಾಸನ ಪಂಚಾಂಗದ, ಅಂದರೆ ತಳಪಾಯದ, ಅಡಿಗೆ; ಹೊಸ ದಾನಿಗಳ ಹೆಸರು ಗ್ರಾನೈಟಿನ ಮೇಲೆ. ಬ್ರಹ್ಮಕಲಶದ ಫ್ಲೆಕ್ಸಿನಲ್ಲಿ ಎಲ್ಲರೂ ಕೈಮುಗಿದು ನಗುತ್ತಿರುತ್ತಾರೆ. ಸೋರುವ ಮಾಡು ರಿಪೇರಿ ಮಾಡಬೇಡಿ ಎಂದವರಾರು? ಮಾಡು ಸೋರಿದರೆ ಗೋಡೆ ಕೆಡವಬೇಕೆ?

ಕಾನೂನು ಇಲ್ಲವೆಂದಲ್ಲ. ಪ್ರಾಚೀನ ಸ್ಮಾರಕಗಳಿಗೆಂದೇ ಕರ್ನಾಟಕದಲ್ಲಿ 1961ರ ಕಾಯ್ದೆಯಿದೆ. ಅದು ಕಾಯುವುದು ಪಟ್ಟಿಗೆ ಸೇರಿದ್ದನ್ನು. ಪಟ್ಟಿಗೆ ಸೇರದ ಕಲ್ಲು ಬರೀ ಕಲ್ಲು. ಇತಿಹಾಸಕಾರ ಡಾ. ಪಿ. ಗುರುರಾಜ ಭಟ್ಟರು ಈ ತುಳುನಾಡಿನ ಗುಡಿ, ಬಸದಿಗಳನ್ನು ಸುತ್ತಿ ಸುತ್ತಿ ನೋಡಿ 1975ರಲ್ಲಿ ಅಷ್ಟು ದಪ್ಪದ ಪುಸ್ತಕ ಕೊಟ್ಟು ಹೋದರು. ಅದನ್ನು ಕೈಯಲ್ಲಿ ಹಿಡಿದು, ಅವರು ಕಂಡದ್ದರಲ್ಲಿ ಎಷ್ಟು ಉಳಿದಿದೆ ಎಂದು ಹಾಡಿ ಹೊಕ್ಕು ನೋಡುವಷ್ಟು ಪುರುಸೊತ್ತು ನಮಗಿಲ್ಲ.

ಬೈಯುವ ಬಾಯಿಯೂ ಸಾಚಾ ಅಲ್ಲ ಮಾರಾಯ್ರೆ. ನಮ್ಮ ಮನೆಯ ಹಟ್ಟಿಗೆ ಹತ್ತುವ ಮೆಟ್ಟಿಲು ಎಲ್ಲಿಂದಲೋ ಅಜ್ಜ ಗಾಡಿಯಲ್ಲಿ ತಂದ ಕಲ್ಲು. ಅಂಚಿನಲ್ಲಿ ಬಳ್ಳಿಯ ಕೆತ್ತನೆ ಇದೆ. ಅದರ ಮೇಲೆ ಕಾಲು ತೊಳೆದೇ ನಾನು ಶಾಲೆಗೆ ಹೋದದ್ದು. ಕತ್ತಿ ಮಸೆದದ್ದೂ ಅದರ ಮೇಲೆಯೇ. ಬರುವ ಗ್ರಾಮಸಭೆಯಲ್ಲಿ, ಕಸಕ್ಕೆ ಲೆಕ್ಕ ಇಟ್ಟಂತೆ ಕಲ್ಲಿಗೂ ಒಂದು ಪುಸ್ತಕ ಇಡಿ ಎಂದು ಕೇಳುವವನಿದ್ದೇನೆ. ಮೊದಲ ಸಾಲಿನಲ್ಲಿ ಬರೆಯಬೇಕಾದ್ದು ನಮ್ಮ ಹಟ್ಟಿಯ ಮೆಟ್ಟಿಲು.