ಸಮ್ಮೋಹನ ಚಿಕಿತ್ಸೆ: ಮಾಟವೂ ಅಲ್ಲ, ಪವಾಡವೂ ಅಲ್ಲ

ವೈದ್ಯರು ರೋಗಿಯೊಬ್ಬರಿಗೆ ಸಮ್ಮೋಹನ ಚಿಕಿತ್ಸೆಯನ್ನು ಸೂಚಿಸಿದರೆಂದು ತಿಳಿದೊಡನೆ ನಮ್ಮ ಅನೇಕ ಮನೆಗಳಲ್ಲಿ ಆತಂಕ ಮೂಡುತ್ತದೆ. ಅದು ವಶೀಕರಣವಲ್ಲವೇ, ಸಿಹ್ರ್‌ನ ಒಂದು ಪ್ರಕಾರವಲ್ಲವೇ, ನಮ್ಮ ಬುದ್ಧಿಯನ್ನು ಪರರ ಕೈಗೊಪ್ಪಿಸಿದಂತಾಗುವುದಿಲ್ಲವೇ ಎಂಬ ಪ್ರಶ್ನೆಗಳು ಏಳುತ್ತವೆ. ಇನ್ನೊಂದೆಡೆ, ಒಂದೇ ದಿನದಲ್ಲಿ ಎಲ್ಲ ಭಯವನ್ನೂ ಎಲ್ಲ ದುಶ್ಚಟವನ್ನೂ ನೀಗಿಸುತ್ತೇವೆಂಬ ಜಾಹೀರಾತನ್ನು ನಂಬಿ ಹಣ ಸುರಿಯುವವರೂ ನಮ್ಮಲ್ಲಿದ್ದಾರೆ. ಈ ಭಯಕ್ಕೂ ಆ ಭ್ರಮೆಗೂ ಮೂಲ ಒಂದೇ. ಚಿಕಿತ್ಸೆಯ ಕೋಣೆಯಲ್ಲಿ ನಿಜವಾಗಿ ನಡೆಯುವುದೇನೆಂದು ನಾವು ವಿಚಾರಿಸುವುದಿಲ್ಲ.

ಅಲ್ಲಿ ನಡೆಯುವುದು ಸರಳವಾದ ಕ್ರಿಯೆ. ರೋಗಿಯು ಆರಾಮವಾಗಿ ಕುಳಿತುಕೊಳ್ಳುತ್ತಾನೆ. ಚಿಕಿತ್ಸಕರು ಉಸಿರಾಟದ ಮೇಲೆಯೋ ಮನಸ್ಸಿಗೆ ಹಿತವಾದ ಒಂದು ದೃಶ್ಯದ ಮೇಲೆಯೋ ಅವನ ಗಮನವನ್ನು ನಿಲ್ಲಿಸಿ, ನಿಧಾನವಾದ ಮಾತುಗಳಿಂದ ದೇಹವನ್ನು ಸಡಿಲಗೊಳಿಸುತ್ತಾರೆ. ಗಮನವು ಒಂದೆಡೆ ನೆಲೆಗೊಂಡ ಬಳಿಕ, ರೋಗಕ್ಕೆ ತಕ್ಕ ಸೂಚನೆಗಳನ್ನು ನೀಡುತ್ತಾರೆ. ಪುಸ್ತಕದಲ್ಲಿ ಮುಳುಗಿದ ಮಗುವಿಗೆ ಊಟಕ್ಕೆ ಕರೆಯುವ ತಾಯಿಯ ಧ್ವನಿ ಕೇಳಿಸುವುದಿಲ್ಲ. ಆಟದ ಭರದಲ್ಲಿ ಮೊಣಕಾಲು ತರಚಿದ್ದು ಆಟ ಮುಗಿಯುವವರೆಗೆ ಅರಿವಿಗೆ ಬರುವುದಿಲ್ಲ. ಇದೇ ಸಹಜ ಸಾಮರ್ಥ್ಯವನ್ನು ಚಿಕಿತ್ಸೆಗಾಗಿ ಬಳಸಲಾಗುತ್ತದೆ. ರೋಗಿಯು ನಿದ್ರಿಸಿರುವುದಿಲ್ಲ, ಮಾತುಗಳು ಕೇಳಿಸುತ್ತಿರುತ್ತವೆ, ಬೇಡವೆನಿಸಿದರೆ ಎದ್ದು ಬರಲೂಬಹುದು. ಎಲ್ಲರೂ ಇದಕ್ಕೆ ಸಮನಾಗಿ ಸ್ಪಂದಿಸುವುದಿಲ್ಲ. ಕೆಲವರು ಬಹಳವಾಗಿ, ಹೆಚ್ಚಿನವರು ಸಾಧಾರಣವಾಗಿ, ಇನ್ನು ಕೆಲವರು ಅತ್ಯಲ್ಪವಾಗಿ ಸ್ಪಂದಿಸುತ್ತಾರೆ.

ಇದರಲ್ಲಿ ಗುಪ್ತ ಶಕ್ತಿಯಿದೆ ಎಂಬ ಕಲ್ಪನೆ ಹಳೆಯದು. 18ನೇ ಶತಮಾನದಲ್ಲಿ ಫ್ರಾಂಜ್ ಮೆಸ್ಮರ್ ಎಂಬ ವೈದ್ಯನು ತನ್ನಿಂದ ಅದೃಶ್ಯವಾದ ಕಾಂತಶಕ್ತಿಯೊಂದು ಹರಿದು ರೋಗ ವಾಸಿಮಾಡುತ್ತದೆಂದು ಪ್ಯಾರಿಸ್ಸಿನಲ್ಲಿ ಸಾರಿದನು. 1784ರಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿಯು ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೇ ಮೊದಲಾದವರಿದ್ದ ಆಯೋಗವನ್ನು ನೇಮಿಸಿದನು. ಕಾಂತಶಕ್ತಿಯನ್ನು ಪ್ರಯೋಗಿಸಲಾಗಿದೆಯೆಂದು ನಂಬಿಸಿದಾಗ ರೋಗಿಗಳು ನಡುಗಿದರು. ಅವರಿಗೆ ತಿಳಿಯದಂತೆ ಪ್ರಯೋಗಿಸಿದಾಗ ಏನೂ ಆಗಲಿಲ್ಲ. ಅಂಥ ಶಕ್ತಿಯಿಲ್ಲ, ಕೆಲಸ ಮಾಡುತ್ತಿರುವುದು ರೋಗಿಯ ಕಲ್ಪನಾಶಕ್ತಿಯೇ ಎಂದು ಆಯೋಗವು ತೀರ್ಮಾನಿಸಿತು. ಆದರೂ ಪರಿಣಾಮವು ಸುಳ್ಳಾಗಿರಲಿಲ್ಲ. ಅರಿವಳಿಕೆಯಾಗಿ ಈಥರ್ ಬಳಕೆಗೆ ಬರುವ ಮುನ್ನ, 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್‌ಡೇಲ್ ಎಂಬ ಸ್ಕಾಟ್‌ಲೆಂಡಿನ ಶಸ್ತ್ರವೈದ್ಯರು ಇದೇ ವಿಧಾನದಿಂದ ಶಸ್ತ್ರಚಿಕಿತ್ಸೆಗಳನ್ನು ನಡೆಸಲಾರಂಭಿಸಿ, ಅನೇಕ ರೋಗಿಗಳು ನೋವು ತೋರಲಿಲ್ಲವೆಂದು ದಾಖಲಿಸಿದರು. ಪರಿಣಾಮ ನಿಜ, ಅದಕ್ಕೆ ಕೊಟ್ಟ ವಿವರಣೆ ತಪ್ಪು ಎಂಬುದೇ ಈ ಇತಿಹಾಸದ ಪಾಠ.

ಆಧುನಿಕ ವಿಜ್ಞಾನವು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. 1997ರಲ್ಲಿ ಪ್ರಕಟವಾದ, ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರ ಅಧ್ಯಯನದಲ್ಲಿ, ಸಮ್ಮೋಹನ ಸ್ಥಿತಿಯಲ್ಲಿದ್ದವರ ಕೈಯನ್ನು ಬಿಸಿನೀರಿನಲ್ಲಿರಿಸಿ ನೋವು ಅಸಹನೀಯವೆಂದೋ ಸಹನೀಯವೆಂದೋ ಸೂಚಿಸಲಾಯಿತು. ನೀರಿನ ಬಿಸಿ ಒಂದೇ ಆಗಿದ್ದರೂ, ನೋವಿನ ಸಂಕಟಕ್ಕೆ ಸಂಬಂಧಿಸಿದ ಮೆದುಳಿನ ಭಾಗದ ಚಟುವಟಿಕೆಯು ಸೂಚನೆಗೆ ಅನುಗುಣವಾಗಿ ಬದಲಾಯಿತು. ಪರೀಕ್ಷೆಗಳಲ್ಲಿ ಏನೂ ಕಾಣದ ಹೊಟ್ಟೆನೋವಿನಿಂದ ವರ್ಷಗಟ್ಟಲೆ ನರಳುವ ತಾಯಂದಿರು, ಸಹೋದರಿಯರು ನಮ್ಮ ಕುಟುಂಬಗಳಲ್ಲಿದ್ದಾರೆ. ಅವರಿಗೆ ಸಿಗುವ ಉತ್ತರ ಎರಡೇ: ಒಂದೋ ಅದು ನಟನೆ, ಇಲ್ಲವೇ ಯಾರೋ ಮಾಡಿಸಿದ ಮಾಟ. ಎರಡೂ ಅನ್ಯಾಯ. ಮನಸ್ಸಿನ ಮೂಲಕ ಶಮನಗೊಳ್ಳುವ ನೋವು ಕೂಡ ನಿಜವಾದ ನೋವೇ ಆಗಿದೆ.

ಐಬಿಎಸ್ ಎಂದು ವೈದ್ಯರು ಕರೆಯುವ ಕರುಳಿನ ತೊಂದರೆಯಲ್ಲಿ ಈ ಚಿಕಿತ್ಸೆಗೆ ಒಳ್ಳೆಯ ಆಧಾರವಿದೆ. 1984ರಲ್ಲಿ ಪೀಟರ್ ಹೋರ್ವೆಲ್ ಮತ್ತು ಸಂಗಡಿಗರು ಮ್ಯಾಂಚೆಸ್ಟರಿನಲ್ಲಿ ಇತರ ಚಿಕಿತ್ಸೆಗಳಿಗೆ ಬಗ್ಗದ 30 ರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಸಮ್ಮೋಹನ ಚಿಕಿತ್ಸೆ ಪಡೆದವರಲ್ಲಿ ಉಳಿದವರಿಗಿಂತ ಗಮನಾರ್ಹ ಸುಧಾರಣೆ ಕಂಡುಬಂತು. ದೀರ್ಘಕಾಲದ ನೋವು, ಶಸ್ತ್ರಚಿಕಿತ್ಸೆಗೆ ಮುನ್ನಿನ ಆತಂಕ, ಸೂಜಿಗೆ ಅಂಜುವ ಮಕ್ಕಳ ಭಯ ಇವುಗಳಲ್ಲಿಯೂ ಇತರ ಚಿಕಿತ್ಸೆಯ ಜೊತೆಗೆ ಇದು ನೆರವಾಗಬಲ್ಲದು. ಆದರೆ ಧೂಮಪಾನ ಬಿಡಿಸುವುದರಲ್ಲಿ ಇದು ಇತರ ವಿಧಾನಗಳಿಗಿಂತ ಮೇಲೆಂಬುದಕ್ಕೆ ದೃಢವಾದ ಪುರಾವೆಯಿಲ್ಲ. ಇದು ಗಡ್ಡೆಯನ್ನು ಕರಗಿಸುವುದಿಲ್ಲ, ಸಕ್ಕರೆ ಕಾಯಿಲೆಯ ಮದ್ದಿಗೆ ಬದಲಾಗುವುದಿಲ್ಲ. ಭ್ರಮೆಗಳಿಂದ ಕೂಡಿದ ತೀವ್ರ ಮಾನಸಿಕ ರೋಗವಿದ್ದವರನ್ನು ಮೊದಲು ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು.

ಮರೆತ ನೆನಪುಗಳನ್ನು ಇದರಿಂದ ಹೊರತೆಗೆಯಬಹುದೆಂಬ ನಂಬಿಕೆಯಂತೂ ಅಪಾಯಕಾರಿ. ಸಮ್ಮೋಹನದಲ್ಲಿ ನೆನಪಿಗೆ ಬಂದದ್ದು ಸಾಮಾನ್ಯ ನೆನಪಿಗಿಂತ ಹೆಚ್ಚು ವಿಶ್ವಾಸಾರ್ಹವಲ್ಲವೆಂದು ಅಮೆರಿಕದ ವೈದ್ಯಕೀಯ ಸಂಘದ ಸಮಿತಿಯು 1985ರಲ್ಲಿಯೇ ಹೇಳಿದೆ. ಕಲ್ಪನೆಯೇ ನೆನಪಿನ ವೇಷ ಧರಿಸಿ, ನಿರಪರಾಧಿಯ ಮೇಲೆ ಆರೋಪ ಹೊರಿಸಬಹುದು. ಪೂರ್ವಜನ್ಮವನ್ನು ತೋರಿಸುತ್ತೇವೆ, ಕಳವು ಮಾಡಿದವನನ್ನು ಹೇಳಿಸುತ್ತೇವೆ ಎನ್ನುವವರಿಗೂ ಅಂಜನ ಹಾಕಿ ನೋಡುವವರಿಗೂ ಏನು ವ್ಯತ್ಯಾಸ? ಅಂಥದ್ದನ್ನು ವಿಜ್ಞಾನವೂ ಒಪ್ಪುವುದಿಲ್ಲ, ನಮ್ಮ ವಿಶ್ವಾಸವೂ ಒಪ್ಪುವುದಿಲ್ಲ.

ಹಾಗಾದರೆ ನಾವು ಗೆರೆ ಎಳೆಯಬೇಕಾದುದೆಲ್ಲಿ? ಅದೃಶ್ಯ ಶಕ್ತಿಗಳ ಮೊರೆಹೋಗುವುದು, ಭವಿಷ್ಯ ನುಡಿಯುವುದು, ಪರರ ಇಚ್ಛೆಯನ್ನು ಕಸಿಯುವುದು ಇವು ನಿಷಿದ್ಧವೆಂಬುದರಲ್ಲಿ ಸಂದೇಹವಿಲ್ಲ. ರೋಗಿಯ ಒಪ್ಪಿಗೆಯಿಂದ, ಅವನ ಎಚ್ಚರದಲ್ಲಿಯೇ, ಮಾತು ಮತ್ತು ಗಮನದ ಮೂಲಕ ನಡೆಯುವ ಚಿಕಿತ್ಸೆಯು ಆ ಸಾಲಿಗೆ ಸೇರುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಸಂಶಯವುಳ್ಳವರು ಆಲಿಮರನ್ನು ಕೇಳಲಿ. ಆದರೆ ಹೆಸರನ್ನಷ್ಟೇ ಹೇಳಿ ಫತ್ವಾ ಕೇಳದೆ, ಅಲ್ಲಿ ನಡೆಯುವುದೇನೆಂಬುದನ್ನು ಪೂರ್ಣವಾಗಿ ವಿವರಿಸಿ ಕೇಳಲಿ.

ಹೋಗುವ ಮುನ್ನ ರೋಗದ ಕಾರಣವನ್ನು ವೈದ್ಯರಿಂದ ತಪಾಸಣೆ ಮಾಡಿಸಬೇಕು. ಚಿಕಿತ್ಸಕರು ಮನೋವೈದ್ಯರೋ ತರಬೇತಾದ ಮನಶ್ಶಾಸ್ತ್ರಜ್ಞರೋ ಎಂದು ವಿಚಾರಿಸಬೇಕು. ಸಹೋದರಿಯರು ಮಹಿಳಾ ಚಿಕಿತ್ಸಕರನ್ನು ಕೇಳಬಹುದು, ಮನೆಯವರೊಬ್ಬರು ಜೊತೆಗಿರಬೇಕೆಂದು ಹೇಳಬಹುದು. ಗುಣವಾಗುವುದು ಖಚಿತವೆಂದು ಮಾತು ಕೊಡುವವರಿಂದಲೂ ನಡೆಯುತ್ತಿರುವ ಔಷಧಿಯನ್ನು ನಿಲ್ಲಿಸೆನ್ನುವವರಿಂದಲೂ ದೂರವಿರಬೇಕು.

ಶಮನ ನೀಡುವವನು ಅಲ್ಲಾಹನು, ಚಿಕಿತ್ಸೆಯು ಒಂದು ಕಾರಣ ಮಾತ್ರ. ಯೋಗ್ಯವಾದ ಕಾರಣವೊಂದನ್ನು ವಿಚಾರಿಸದೆ ತಿರಸ್ಕರಿಸಿದರೆ, ಅದರ ಬೆಲೆ ತೆರುವವರು ನಾವಲ್ಲ, ನಮ್ಮ ಮನೆಯೊಳಗೆ ಮೌನವಾಗಿ ನರಳುತ್ತಿರುವ ರೋಗಿ.