ಎಂಟರಲ್ಲಿ ಒಂದು

ನಾಟಕದ ತಾಲೀಮು ಮನೆಯ ಹಜಾರದಲ್ಲಿ ಸೊಗಸಾಗಿ ನಡೆಯುತ್ತದೆ. ಪರದೆ ಮೇಲೆದ್ದ ರಾತ್ರಿ, ಎಂಟು ಜನ ಪಾತ್ರಧಾರಿಗಳಲ್ಲಿ ಒಬ್ಬನು ಹಳೆಯ ನಾಟಕದ ಮಾತುಗಳನ್ನೇ ಒಪ್ಪಿಸತೊಡಗಿದರೆ ಗತಿಯೇನು? ಗಣಕಯಂತ್ರಗಳ ಲೋಕದಲ್ಲಿ ಇಂಥ ಆಭಾಸ ಅಪರೂಪವಲ್ಲ. ಬರೆದವನ ಮೇಜಿನ ಮೇಲೆ ನಿರ್ದುಷ್ಟವಾಗಿ ನಡೆದ ತಂತ್ರಾಂಶವು, ಗಿರಾಕಿಗಳ ನಿಜವಾದ ವ್ಯವಹಾರ ನಡೆಯುವ ಸರ್ವರುಗಳಿಗೆ ಏರಿದೊಡನೆ ಮುಗ್ಗರಿಸುತ್ತದೆ. ದೋಷವು ಬರವಣಿಗೆಯಲ್ಲಿಯೇ ಇರಬೇಕೆಂದಿಲ್ಲ. ಸಾಗಿಸಿದ ರೀತಿಯಲ್ಲಿಯೂ ಇರಬಹುದು.

ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ದಲ್ಲಾಳಿ ಸಂಸ್ಥೆಗೆ ಒದಗಿದ ವಿಪತ್ತು ಈ ಮಾತಿಗೆ ದೊಡ್ಡ ನಿದರ್ಶನ. ನ್ಯೂಯಾರ್ಕ್ ಷೇರುಪೇಟೆಯು ಸಣ್ಣ ಹೂಡಿಕೆದಾರರಿಗಾಗಿ ಹೊಸದೊಂದು ಯೋಜನೆಯನ್ನು 2012ರ ಆಗಸ್ಟ್ 1ರಂದು ಆರಂಭಿಸಲಿತ್ತು. ಅದಕ್ಕಾಗಿ ಸಂಸ್ಥೆಯು ಹೊಸ ತಂತ್ರಾಂಶವನ್ನು ಸಿದ್ಧಪಡಿಸಿ, ಜುಲೈ 27ರಿಂದ ಹಂತಹಂತವಾಗಿ ತನ್ನ 8 ಸರ್ವರುಗಳಿಗೆ ಏರಿಸಿತು. ಕೆಲಸಕ್ಕೆ ನಿಂತವನು ಏಳಕ್ಕೆ ಏರಿಸಿ ಒಂದನ್ನು ಮರೆತನು. ಮತ್ತೊಬ್ಬರು ಸರಿನೋಡಬೇಕೆಂಬ ನಿಯಮವಿರಲಿಲ್ಲವಾಗಿ, ಯಾರೂ ನೋಡಲಿಲ್ಲ.

ಆ ಎಂಟನೆಯ ಸರ್ವರಿನಲ್ಲಿ ‘ಪವರ್ ಪೆಗ್’ ಎಂಬ ಹಳೆಯ ತಂತ್ರಾಂಶವು ಮಲಗಿತ್ತು. 2003ರಲ್ಲಿಯೇ ಅದರ ಬಳಕೆ ನಿಂತಿದ್ದರೂ ಅದನ್ನು ತೆಗೆದುಹಾಕಿರಲಿಲ್ಲ. ಗಿರಾಕಿ ಕೇಳಿದಷ್ಟು ಷೇರು ಕೈಸೇರಿತೇ ಎಂದು ಎಣಿಸಿ ‘ಇನ್ನು ಸಾಕು’ ಎನ್ನುವ ಭಾಗವನ್ನು 2005ರಲ್ಲಿ ಬೇರೆ ಕಡೆಗೆ ಸರಿಸಿದ್ದರು. ಸರಿಸಿದ ಮೇಲೆ ಹಳೆಯದು ಹೇಗೆ ವರ್ತಿಸುವುದೆಂದು ಪರೀಕ್ಷಿಸಲಿಲ್ಲ. ಇದರ ಮೇಲೆ, ಒಂದು ಕಾಲಕ್ಕೆ ಪವರ್ ಪೆಗ್ಗನ್ನು ಎಬ್ಬಿಸುತ್ತಿದ್ದ ಸಂಕೇತವನ್ನೇ ಹೊಸ ತಂತ್ರಾಂಶಕ್ಕೂ ಇಟ್ಟಿದ್ದರು.

ಬೆಳಿಗ್ಗೆ 9-30ಕ್ಕೆ ಪೇಟೆ ತೆರೆಯಿತು. ಏಳು ಸರ್ವರುಗಳು ಹೊಸ ಪಾಠವನ್ನು ಒಪ್ಪಿಸಿದವು. ಎಂಟನೆಯದರಲ್ಲಿ ಹಳೆಯದು ಎದ್ದು, ಸಾಕೆಂಬ ಮಾತನ್ನೇ ಅರಿಯದೆ ಕೊಳ್ಳುತ್ತ ಮಾರುತ್ತ ಹೋಯಿತು.

ಸಂಸ್ಥೆಯವರು ಕಂಗಾಲಾದರು. ಹೊಸದನ್ನು ತಂದಮೇಲೆ ಕೆಟ್ಟಿತಾದ್ದರಿಂದ ತಪ್ಪು ಹೊಸದರಲ್ಲಿಯೇ ಇರಬೇಕೆಂದು ಬಗೆದು, ಸರಿಯಾಗಿದ್ದ ಏಳು ಸರ್ವರುಗಳಿಂದಲೂ ಅದನ್ನು ಕಿತ್ತರು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಸುಳ್ಳಾಗಲಿಲ್ಲ: ಒಂದರಲ್ಲಿದ್ದ ಭೂತವು ಉಳಿದವುಗಳಲ್ಲಿಯೂ ಎದ್ದು ಕುಣಿಯಿತು. ಗಿರಾಕಿಗಳಿಂದ ಬಂದಿದ್ದ ಬೇಡಿಕೆಗಳು ಕೇವಲ 212. ಆದರೆ ಸುಮಾರು 45 ನಿಮಿಷಗಳಲ್ಲಿ 154 ಕಂಪನಿಗಳ 39 ಕೋಟಿ 70 ಲಕ್ಷಕ್ಕೂ ಹೆಚ್ಚು ಷೇರುಗಳು ಕೈಬದಲಾದವು. ಕೊನೆಯಲ್ಲಿ ಲೆಕ್ಕ ಹಾಕಿದಾಗ ನಷ್ಟವು 46 ಕೋಟಿ ಡಾಲರುಗಳನ್ನು ಮೀರಿತ್ತು.

ಮುನ್ಸೂಚನೆ ಇರಲಿಲ್ಲವೆಂದಲ್ಲ. ಪೇಟೆ ತೆರೆಯುವ ಮೊದಲೇ ಯಂತ್ರವು ಪವರ್ ಪೆಗ್ಗಿನ ಹೆಸರೆತ್ತಿ 97 ಮಿಂಚಂಚೆಗಳನ್ನು ಸಿಬ್ಬಂದಿಗೆ ಕಳುಹಿಸಿತ್ತು. ಅಂಥ ಪತ್ರಗಳನ್ನು ಬಂದಕೂಡಲೇ ಓದುವ ವಾಡಿಕೆ ಅಲ್ಲಿರಲಿಲ್ಲ.

ಕೆಲವೇ ದಿನಗಳಲ್ಲಿ ಹೂಡಿಕೆದಾರರ ಗುಂಪೊಂದು 40 ಕೋಟಿ ಡಾಲರು ನೀಡಿ ಸಂಸ್ಥೆಯನ್ನು ಉಳಿಸಿತಾದರೂ, ಮರುವರ್ಷ ಅದು ಗೆಟ್ಕೊ ಎಂಬ ಮತ್ತೊಂದು ಸಂಸ್ಥೆಯೊಡನೆ ವಿಲೀನವಾಯಿತು. 2013ರ ಅಕ್ಟೋಬರಿನಲ್ಲಿ ನಿಯಂತ್ರಣ ಆಯೋಗವು 1 ಕೋಟಿ 20 ಲಕ್ಷ ಡಾಲರುಗಳ ದಂಡವನ್ನೂ ವಿಧಿಸಿತು.

ಇಂದು ಮನೆಯ ಮಗನೋ ಮಗಳೋ ಇಂಥ ಉದ್ಯೋಗದಲ್ಲಿದ್ದು, ರಾತ್ರಿ ಊಟದ ಎಲೆಯ ಮುಂದಿನಿಂದ ಎದ್ದು ದೂರವಾಣಿಗೆ ಓಡುವುದನ್ನು ಅನೇಕ ತಾಯಂದಿರು ಕಂಡಿದ್ದಾರೆ. ಅವರ ಕಷ್ಟಕ್ಕೆ ಮದ್ದು ಮಂತ್ರವೇನಲ್ಲ. ಹೊಸದನ್ನು ದೂಷಿಸುವ ಮೊದಲು ಎಲ್ಲ ಯಂತ್ರಗಳಲ್ಲಿಯೂ ಒಂದೇ ಪಾಠವಿದೆಯೇ ಎಂದು ನೋಡಬೇಕು. ಬೇಡವಾದ ಹಳೆಯದನ್ನು ತೆಗೆದುಹಾಕಬೇಕು. ಹಿಂದಿರುಗುವ ದಾರಿಯನ್ನು ಶಾಂತವಾಗಿರುವಾಗಲೇ ನಡೆದು ನೋಡಿರಬೇಕು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಬೇಕು. ಒಲೆ ಆರಿಸಿದೆಯೇ ಎಂದು ಹೊಸಿಲು ದಾಟುವ ಮೊದಲು ಗೃಹಿಣಿ ಮತ್ತೊಮ್ಮೆ ಕೇಳುವುದಿಲ್ಲವೇ? ಆ ಒಂದು ಪ್ರಶ್ನೆಯನ್ನು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.