ಮಿರಜದ ಡಬ್ಬಿಗೆ ಯಾವ ಕೆಂಪು?

ಮಾದರಿ ರೈಲುಡಬ್ಬಿಯ ಕಿಟ್ಟನ್ನು ಕೊಂಡುತಂದು, ಗೋಡೆ ಛಾವಣಿಗಳನ್ನು ಅಂಟಿಸಿ, ಕುಂಚವನ್ನು ಕೈಗೆತ್ತಿಕೊಂಡ ಹವ್ಯಾಸಿಯು ಯಾವ ಬಣ್ಣವೆಂದು ಚಿಂತಿಸತೊಡಗುವುದು ಸಹಜ. ಆದರೆ ಮಿರಜದ ಗಾಡಿಯನ್ನು ಕಟ್ಟಹೊರಟವನು ಅದಕ್ಕೂ ಮುಂಚೆ ಯಾವ ಕಾಲದ, ಯಾವ ಹಳಿಯ ಗಾಡಿಯೆಂಬುದನ್ನು ನಿಶ್ಚಯಿಸಿಕೊಳ್ಳದಿದ್ದಲ್ಲಿ ಬಣ್ಣದ ವಿಚಾರವೇ ನಿರರ್ಥಕವೆಂದು ನನ್ನ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ ಮೀಟರ್ ಗೇಜ್ ಹಳಿಯನ್ನು ಕಂಡ ಈ ಊರಿನಿಂದ 1907ರಲ್ಲಿ ಸಾಂಗಲಿಗೆ ಕವಲೊಡೆಯಿತು. 1927ರಲ್ಲಿ ಪಂಢರಪುರದ ಕಡೆಯಿಂದ ಬಾರ್ಶಿ ಲೈಟ್ ರೈಲ್ವೆಯ ಎರಡೂವರೆ ಅಡಿಯ ಕಿರುಹಳಿ ಬಂದು ಸೇರಿತು. 1971ರ ಸುಮಾರಿಗೆ ಪುಣೆಯಿಂದ ಬ್ರಾಡ್ ಗೇಜ್ ಬಂದ ತರುವಾಯ ಮೂರು ಅಳತೆಯ ಹಳಿಗಳೂ ಒಂದೇ ನಿಲ್ದಾಣದಲ್ಲಿ ಕೂಡಿದುವು. (ಎಚ್‌ಓ ಎಂಬ 87ರಲ್ಲೊಂದರ ಪ್ರಮಾಣದಲ್ಲಿ ಅಂಗಡಿಗಳಲ್ಲಿ ದೊರೆಯುವ 16.5 ಮಿಲಿಮೀಟರ್ ಹಳಿಯು, ಲೆಕ್ಕದಂತೆ ಹತ್ತೊಂಬತ್ತಕ್ಕೂ ಮಿಗಿಲಾದ ಅಗಲವನ್ನು ಬೇಡುವ ನಮ್ಮ ಬ್ರಾಡ್ ಗೇಜಿಗೆ ಸಾಲದು. 9 ಮಿಲಿಮೀಟರಿನದಾದರೋ ಬಡ ಬಾರ್ಶಿ ಗಾಡಿಗೆ ಬಹುಮಟ್ಟಿಗೆ ಸರಿಹೊಂದುತ್ತದೆ.)

ಚೆಲುವಿಗೆ ಮನಸೋತವರು ಡೆಕ್ಕನ್ ಕ್ವೀನಿನತ್ತ ವಾಲುವುದುಂಟು. 1930ರಲ್ಲಿ ಹೊರಟ ಆ ಗಾಡಿಗೆ ಬೆಳ್ಳಿಬಣ್ಣದ ಮೇಲೆ ಕೆಂಪು ಅಂಚಿನದೊಂದು, ರಾಜನೀಲಿಯ ಮೇಲೆ ಹೊಂಗೆರೆಗಳದೊಂದು ಎಂದು ಎರಡು ಉಡುಪುಗಳಿದ್ದುವು. ಆದರೆ ಅದು ಮುಂಬಯಿ ಪುಣೆಗಳ ವೈಭವ. ಮಿರಜದ ಡಬ್ಬಿಗೆ ಅದನ್ನು ತೊಡಿಸುವುದು ನೆರೆಮನೆಯ ಒಡವೆಯಲ್ಲಿ ಮದುವಣಗಿತ್ತಿಯನ್ನು ಮೆರೆಸಿದಂತೆ. ಸ್ವಾತಂತ್ರ್ಯಾನಂತರ ದಶಕಗಳ ಕಾಲ, ನೀಲಿಯ ಯುಗ ತೊಂಬತ್ತರ ದಶಕದಲ್ಲಿ ಕಾಲಿಡುವವರೆಗೆ, ಈ ದಾರಿಯಲ್ಲಿ ಓಡಿದುದು ಇಟ್ಟಿಗೆಗೆಂಪಿನ ಗಾಡಿ. ಶೇಡಬಾಳ, ಉಗಾರ, ಕುಡಚಿಗಳ ಕನ್ನಡಿಗರು ಮಿರಜದ ಮಿಷನ್ ಆಸ್ಪತ್ರೆಗೆ ರೋಗಿಗಳನ್ನು ಕರೆದೊಯ್ದುದೂ, ಸಾಂಗಲಿಯ ಅರಿಸಿನದ ಪೇಟೆಗೆ ವ್ಯಾಪಾರಾರ್ಥವಾಗಿ ಹೋದುದೂ ಆ ಕೆಂಪು ಡಬ್ಬಿಗಳಲ್ಲಿಯೇ ಆದುದರಿಂದ, ನನ್ನ ಮತ ನಿಸ್ಸಂದೇಹವಾಗಿ ಆ ನಿರಾಡಂಬರ ವರ್ಣಕ್ಕೆ.

ಆದರೆ ಯಾವ ಕೆಂಪು? ಕಾರ್ಖಾನೆಯ ಬಣ್ಣವನ್ನೇ ಸಂಪಾದಿಸಿ ಹಚ್ಚಿದರೂ ಮಾದರಿಯು ಕಪ್ಪಿಟ್ಟಂತೆ ತೋರುತ್ತದೆ. ಎರಡಡಿ ದೂರದಿಂದ ನೋಡುವ ಮಾದರಿಯು ಸುಮಾರು ನೂರ ಎಪ್ಪತ್ತೈದು ಅಡಿ ಆಚೆ ನಿಂತ ನಿಜವಾದ ಡಬ್ಬಿಗೆ ಸಮಾನವಷ್ಟೆ. ಅಷ್ಟು ದೂರದ ಗಾಳಿ ಬೆಳಕುಗಳು ವರ್ಣದ ಗಾಢತೆಯನ್ನು ಅಪಹರಿಸುತ್ತವೆ. ಆದಕಾರಣ ಕೆಂಪಿಗೆ ತುಸು ಬೂದುಬಣ್ಣವನ್ನು ಬೆರೆಸುವುದು, ಹೊಳಪಿಗೆ ಪ್ರತಿಯಾಗಿ ಮಂದ ವಾರ್ನಿಶನ್ನು ಬಳಿಯುವುದು, ಯಾವ ದೀಪದಡಿಯಲ್ಲಿ ಡಬ್ಬಿಯನ್ನಿಡುವೆವೋ ಅದೇ ದೀಪದಡಿಯಲ್ಲಿ ಒಂದು ತುಂಡು ತಗಡಿನ ಮೇಲೆ ಪರೀಕ್ಷಿಸುವುದು ಅವಶ್ಯ. ಧೂಳನ್ನೂ ಮರೆಯಲಾಗದು. ಲೋಂಡದ ಮಳೆನಾಡಿನ ಕೆಮ್ಮಣ್ಣು ಒಂದು ಬಗೆಯದು, ಕೃಷ್ಣಾತೀರದ ಎರೆಮಣ್ಣಿನ ಬೂದುಧೂಳು ಇನ್ನೊಂದು ಬಗೆಯದು. ಬೀಡುಕಬ್ಬಿಣದ ಬ್ರೇಕುಗಳ ಪುಡಿಯಾದರೋ ಚಕ್ರಗಳ ಸುತ್ತ ತುಕ್ಕಿನ ಕಂದನ್ನು ಲೇಪಿಸುತ್ತದೆ. ಥಳಥಳಿಸುವ ಕೆಂಪಿನ ಮಾದರಿಯು ಪ್ರದರ್ಶನದಲ್ಲಿ ಬಹುಮಾನ ಪಡೆಯಬಹುದು. ಅಂತಹ ಡಬ್ಬಿಯಲ್ಲಿ ಉಗಾರದವರು ಯಾರೂ ಪ್ರಯಾಣ ಮಾಡಿರಲಾರರು.

ಇನ್ನೂ ಹಿಂದಿನ ಕಾಲಕ್ಕೆ ಹೋಗಬಯಸುವವರು ಹಳೆಯ ಕಪ್ಪುಬಿಳುಪು ಚಿತ್ರಗಳನ್ನು ಕಣ್ಣುಮುಚ್ಚಿ ನಂಬಬಾರದು. ಅಂದಿನ ಎಷ್ಟೋ ಛಾಯಾಫಲಕಗಳಿಗೆ ಕೆಂಪಿನ ಸಂವೇದನೆಯೇ ಇರಲಿಲ್ಲವಾದುದರಿಂದ ಅವುಗಳಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬೆಳ್ಳಗಾಗಿಯೂ ಮೂಡಿದೆ. ಆ ನೆರಳುಗಳಿಗಿಂತ ಜೀರ್ಣವಾದ ಡಬ್ಬಿಯ ತಗಡೇ ಹೆಚ್ಚು ಸತ್ಯವಂತ ಸಾಕ್ಷಿ: ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಉಜ್ಜಿದರೆ ಒಂದರ ಕೆಳಗೊಂದರಂತೆ ಪದರಗಳು ತೆರೆದುಕೊಳ್ಳುತ್ತವೆ. ರೈಲ್ವೆಯವರು ಹಳೆಯ ಡಬ್ಬಿಗಳನ್ನು ಗುಜರಿಗೆ ಒಪ್ಪಿಸುವ ಮುನ್ನ ಪ್ರತಿಯೊಂದು ಮಾದರಿಯಿಂದಲೂ ಅಂಗೈಯಗಲದ ತಗಡನ್ನು ಕತ್ತರಿಸಿ, ಇಸವಿಯನ್ನು ನಮೂದಿಸಿ, 2020ರಲ್ಲಿ ತೆರೆದ ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯದಲ್ಲಿಯೂ ಮಿರಜ ನಿಲ್ದಾಣದಲ್ಲಿಯೂ ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ತೂಗುಹಾಕಲಿ. ಅದಕ್ಕೆ ತಗಲುವ ವೆಚ್ಚ ಒಂದು ನಾಮಫಲಕದ ವೆಚ್ಚಕ್ಕಿಂತ ಅಧಿಕವಾಗದು.